ಹೆಳವಯ್ಯನ ಪುಸ್ತಕದಲ್ಲಿ ಸಿಗದ ಸಕ್ಕರೆ

ಒಂದೇ ತಿಂಗಳಲ್ಲಿ ನಾನು ಎರಡು ಸಲ ಕನ್ನಡಕ ಬದಲಾಯಿಸಿದೆ. ಮೂರನೇ ಸಲ ಹೋದಾಗ ಚಳ್ಳಕೆರೆಯ ಕನ್ನಡಕದ ಅಂಗಡಿಯ ಸಾಬರು ಮಿಷನ್ನಿನಿಂದ ತಲೆ ಎತ್ತಿ, "ತಿಪ್ಪಣ್ಣ, ಆವತ್ತು ಒಂದು ನಂಬರು, ಇವತ್ತು ಇನ್ನೊಂದು ನಂಬರು. ನನ್ನ ಗಾಜು ಸರಿಯಾಗೈತೆ. ನಿನ್ನ ಕಣ್ಣೇ ನಿಂತ ಕಡೆ ನಿಲ್ತಿಲ್ಲ. ಹೋಗು, ಶುಗರ್ ನೋಡಿಸ್ಕೊಂಡು ಬಾ. ಆಮೇಲೆ ಕೊಡ್ತೀನಿ ಕನ್ನಡಕ" ಅಂದರು.

ನಾನು ನಕ್ಕುಬಿಟ್ಟೆ. ಶುಗರ್ ಅಂದರೆ ಉಳ್ಳವರ ಕಾಯಿಲೆ, ಹೊಟ್ಟೆ ಬಂದವರ ಕಾಯಿಲೆ ಅಂತಲೇ ತಿಳಿದಿದ್ದೆ. ನಾನು ಶೇಂಗಾ ಎಣ್ಣೆ ಮಿಲ್ಲಿನಲ್ಲಿ ವರ್ಷಗಟ್ಟಲೆ ಮೂಟೆ ಹೊತ್ತವನು, ಇವತ್ತಿಗೂ ಪಕ್ಕೆಲುಬು ಎಣಿಸಬಹುದು. ಮೂವತ್ತೆಂಟನೇ ವಯಸ್ಸಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ ಮೇಲೆ ಮಾಲೀಕರು ನನ್ನನ್ನು ತೂಕದ ಕಂಪ್ಯೂಟರಿನ ಮುಂದೆ ಕೂರಿಸಿದರು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತೇನೆ. ಇದನ್ನೂ ಹಾಗೇ ಒತ್ತುತ್ತಿದ್ದೇನೆ. ಅಕ್ಷರಗಳು ಒಂದು ದಿನ ಮಸುಕು, ಒಂದು ದಿನ ಸ್ಪಷ್ಟ ಕಂಡಾಗ, ಇದು ಪರದೆಯ ಬೆಳಕಿನದೇ ಕಾಟ ಅಂದುಕೊಂಡು ಸುಮ್ಮನಿದ್ದೆ.

ಮರುದಿನ ಬೆಳಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ನಾವು ಏಳು ಜನ ಕೂತಿದ್ದೆವು. ರಕ್ತ ತೆಗೆಯುವ ಸಿಸ್ಟರ್ ಬಂದು, "ಎಲ್ರೂ ಏನೂ ತಿನ್ದೆ ಕುಡೀದೆ ಬಂದೀರಿ ತಾನೆ?" ಅಂತ ಕೇಳಿದರು.

"ಹೂನ್ರಿ" ಅಂದೆವು ಏಳೂ ಜನ.

"ಟೀನೂ ಇಲ್ಲ?"

"ಟೀ ಹೆಂಗೆ ಬಿಡಾಕಾಗ್ತೈತವ್ವಾ? ಅದೇನು ಊಟಾನಾ?" ಅಂದ ನನ್ನ ಪಕ್ಕದ ಅಜ್ಜ.

ಏಳು ಜನರಲ್ಲಿ ಆರು ಜನ ಟೀ ಕುಡಿದು ಬಂದಿದ್ದೆವು. ಏಳನೆಯವನು ಕಾಫಿ. ಎಲ್ಲರನ್ನೂ ವಾಪಸ್ಸು ಕಳಿಸಿದರು. ಮರುದಿನ ಅದೇ ಏಳು ಜನ ಅದೇ ಬೆಂಚಿನ ಮೇಲೆ, ಟೀ ಇಲ್ಲದೆ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂತೆವು. ಸಾವಿಗೆ ಬಂದವರ ಹಾಗೆ ಕಾಣುತ್ತಿದ್ದೆವು. ನನ್ನ ರಿಪೋರ್ಟು ಬಂದಾಗ ಸಿಸ್ಟರ್ ಅದನ್ನು ಎರಡು ಸಲ ನೋಡಿದರು. ಆ ಎರಡನೇ ಸಲ ನೋಡಿದಾಗಲೇ ನನಗೆ ಗೊತ್ತಾಯಿತು.

ವೈದ್ಯೆ ಚಿಕ್ಕ ವಯಸ್ಸಿನವರು. ನಾನು ಮಿಲ್ಲಿನವನು ಅಂತ ತಿಳಿದು, "ಲೋಡು ಬಂದ್ರೆ ಗೋಡೌನ್ ಬಾಗಿಲು ಯಾರು ತೆಗೆಸ್ತಾರೆ?" ಅಂತ ಕೇಳಿದರು.

"ವಾಚ್‌ಮನ್ ಸೀಟಿ ಊದ್ತಾನೆ ಮೇಡಂ. ಒಳಗಿನೋರು ತೆಗೀತಾರೆ."

"ಇನ್ಸುಲಿನ್ ಅಂದ್ರೆ ಆ ಸೀಟಿ ಅಂದ್ಕೊಳ್ಳಿ. ನಿಮ್ಮ ಮೈಯಲ್ಲಿ ವಾಚ್‌ಮನ್ ಊದ್ತಾನೇ ಇದಾನೆ, ಒಳಗಿನವರಿಗೆ ಕೇಳಿಸೋದು ಕಡಿಮೆ. ಸಕ್ಕರೆ ಮೂಟೆ ಎಲ್ಲ ರಸ್ತೆ ಮೇಲೇ, ಅಂದ್ರೆ ರಕ್ತದಲ್ಲೇ, ನಿಂತಿವೆ. ಈ ಕಿವಿಮಂದ ಎಷ್ಟೋ ಜನಕ್ಕೆ ಅಪ್ಪ ಅಮ್ಮನಿಂದ ಬಂದಿರುತ್ತೆ. ಸಣ್ಣಗಿರೋರಿಗೂ ಬರುತ್ತೆ."

ರೋಗ ಬಂದವನು ಖುಷಿಪಟ್ಟ ಅಂದರೆ ನೀವು ನಗಬೇಡಿ. ನಲವತ್ತಾರು ವರ್ಷ ನಾನು ಹೊತ್ತು ತಿರುಗಿದ ಮೈಯ ಬಗ್ಗೆ ಯಾರೂ ನನಗೆ ಇಷ್ಟು ಅರ್ಥವಾಗುವ ಹಾಗೆ ಹೇಳಿರಲಿಲ್ಲ. ಭಯ ಒಂದು ಕಡೆ, ಇನ್ನಷ್ಟು ಕೇಳಬೇಕೆಂಬ ಆಸೆ ಇನ್ನೊಂದು ಕಡೆ. "ಬಟಾಣಿ ಗಿಡದ ಪಾಠ ಓದೀನಿ ಮೇಡಂ. ಉದ್ದದ್ದು, ಗಿಡ್ಡದ್ದು. ಹಂಗಾ ಇದು?" ಅಂದೆ.

ಅವರು ನಕ್ಕರು. "ಬಟಾಣಿಯಷ್ಟು ಸುಲಭ ಇಲ್ಲ. ಇಲ್ಲಿ ಒಂದು ಜೀನ್ ಅಲ್ಲ, ಬಹಳ ಇವೆ. ಒಂದೊಂದೂ ಚೂರು ಚೂರು ತಳ್ಳುತ್ತೆ. ಊಟ, ಓಡಾಟ ಸೇರಿ ಅದನ್ನ ಹೆಚ್ಚು ಕಡಿಮೆ ಮಾಡುತ್ತೆ. ಮನೇಲಿ ಬೇರೆ ಯಾರಿಗಿದೆ?"

"ಯಾರಿಗೂ ಇಲ್ಲ."

"ಮಕ್ಕಳು?"

"ಒಬ್ಳೇ ಮಗಳು, ಭಾಗ್ಯ. ಪರಶುರಾಂಪುರಕ್ಕೆ ಕೊಟ್ಟೀವಿ. ಈಗ ಐದು ತಿಂಗಳು ಬಸುರಿ."

ಬರೆಯುತ್ತಿದ್ದ ಪೆನ್ನು ನಿಂತಿತು. ಭಾಗ್ಯನಿಗೆ ಮೂರನೇ ತಿಂಗಳಲ್ಲಿ ನೋಡಿಸಿದ್ದಾರೆ, ಎಲ್ಲ ಸರಿ ಇತ್ತು ಅಂದೆ. ಅಷ್ಟು ಸಾಲದು, ಆರನೇ ತಿಂಗಳಲ್ಲಿ ಇನ್ನೊಮ್ಮೆ ನೋಡಿಸಲೇಬೇಕು ಅಂದರು ವೈದ್ಯೆ. ಬಸುರಿನ ಕೊನೆಕೊನೆಗೆ ಎಲ್ಲ ಹೆಂಗಸರ ಮೈಗೂ ಆ ಸೀಟಿ ಕೇಳಿಸುವುದು ಕಡಿಮೆಯಾಗುತ್ತದಂತೆ. ಮನೆತನದಿಂದಲೇ ಮಂದ ಬಂದಿದ್ದರೆ ತಾಯಿಗೂ ತೊಂದರೆ, ಹೊಟ್ಟೆಯಲ್ಲಿರುವ ಕೂಸಿಗೂ ತೊಂದರೆ. "ನಿಮ್ಮ ಮನೆತನದ್ದು ಒಂದು ಪಟ್ಟಿ ಮಾಡ್ಕೊಂಡು ಬನ್ನಿ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಯಾರಿಗೆ ಏನಾಗಿತ್ತು ಅಂತ ಬರೀರಿ" ಅಂದರು.

ಹೊರಗೆ ಬಂದು ಭಾಗ್ಯನಿಗೆ ಫೋನ್ ಮಾಡಿದೆ.

"ಅಪ್ಪಾ, ಆ ಗ್ಲೂಕೋಸ್ ನೀರು ಕುಡಿದು ವಾಂತಿ ಮಾಡ್ಕೊಂಡು ಸತ್ತಿದ್ದೆ. ಇನ್ನೊಂದ್ಸಲ ಬ್ಯಾಡ ಅಂದಾರೆ ಅತ್ತೆ. ಬಸುರೀನ ಉಪವಾಸ ಕೆಡವಿ ಸಕ್ಕರೆ ನೀರು ಕುಡಿಸೋದು ಎಲ್ಲೈತೆ ಅಂತಾರೆ. ನಮ್ಮ ವಂಶದಾಗೇ ಇಲ್ವಲ್ಲಪ್ಪ ಅದು."

ವಂಶದಲ್ಲಿ ಇದೆಯೋ ಇಲ್ಲವೋ. ಅದೊಂದು ಗೊತ್ತಾಗಬೇಕಿತ್ತು. ನನ್ನೊಬ್ಬನ ರಿಪೋರ್ಟು ತೋರಿಸಿದರೆ ಬೀಗಿತ್ತಿ ಕೇಳುವವರಲ್ಲ. ಕೈಯಲ್ಲಿ ಒಂದೇ ತಿಂಗಳು.

ಇತ್ತ ಮನೆಯಲ್ಲಿ ನನ್ನ ಹೆಂಡತಿ ರತ್ನಮ್ಮ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ಒಂದು ಗಳಿಗೆ ಅತ್ತು, ಆಮೇಲೆ ಅಕ್ಕಪಕ್ಕದವರಿಗೆಲ್ಲ ಹೇಳಿಬಿಟ್ಟಿದ್ದಳು. ಒಬ್ಬರು ಹಾಗಲಕಾಯಿ ತಂದರು, ಒಬ್ಬರು ಅಮೃತಬಳ್ಳಿ ತಂದರು. ಆ ವಾರ ನಮ್ಮ ಬಾಗಿಲಿಗೆ ಬಂದ ಕಹಿ ಸೊಪ್ಪಿನಲ್ಲಿ ಎರಡು ಕುರಿ ಸಾಕಬಹುದಿತ್ತು. ನಾನು ವೈದ್ಯೆ ಕೊಟ್ಟ ಮಾತ್ರೆ ನುಂಗಿ, ನನ್ನ ಹುಟ್ಟೂರು ನನ್ನಿವಾಳಕ್ಕೆ ಹೊರಟೆ.

ಅಲ್ಲಿ ನಮ್ಮ ಹೆಳವಯ್ಯ ಬಂದಿದ್ದಾರೆ ಅಂತ ಸುದ್ದಿ ಸಿಕ್ಕಿತ್ತು. ಹೆಳವರು ಅಂದರೆ ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಕೆಲವು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು ರಾಗವಾಗಿ ಹೇಳುವವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು. ಈಗ ಮೋಟಾರ್ ಬೈಕು, ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು. ನನಗೆಷ್ಟು ಹುರುಪು ಬಂತೆಂದರೆ, ಪಟ್ಟಣದ ದೊಡ್ಡ ಡಾಕ್ಟರುಗಳಿಗೂ ಇಂಥ ಪುಸ್ತಕ ಸಿಕ್ಕಿರಲಾರದು ಅಂದುಕೊಂಡೆ.

"ಯಾರು ಹೆಂಗೆ ಸತ್ರು ಅಂತಾನೂ ಬರ್ದೀರಾ ಹೆಳವಯ್ಯ?"

"ಬರೀದೆ ಇರ್ತೀವಾ? ಕೇಳು. ನಿಮ್ಮ ಮುತ್ತಜ್ಜ ಹುಣಸೆ ಮರದಿಂದ ಬಿದ್ದು. ಅವ್ರಪ್ಪ ಹಾವು ಕಡಿದು. ಅವ್ರಪ್ಪ ಜಗಳದಾಗೆ."

"ಜಗಳದಾಗಾ?"

"ಬೇಲಿ ಜಗಳ. ಸೋತಿದ್ದು ನೀವೇ."

ಏಳು ತಲೆಮಾರು ಓದಿಸಿದೆ. ಬಿದ್ದವರು, ಬಡಿದಾಡಿದವರು, ವಯಸ್ಸಾಗಿ ಹೋದವರು. ಸಕ್ಕರೆಯ ಸುಳಿವೇ ಇಲ್ಲ. ಎಲ್ಲ ಹಾಳೆಗಳನ್ನೂ ಫೋಟೋ ಹೊಡೆದುಕೊಂಡು, ಚೌಕಗಳನ್ನು ಸ್ಕೇಲಿಟ್ಟು ಗೀಚಿ, ಎದೆಯುಬ್ಬಿಸಿ ವೈದ್ಯೆಯ ಮೇಜಿನ ಮೇಲೆ ಇಟ್ಟೆ.

ಅವರು ಮೇಲಿಂದ ಕೆಳಗೆ ನೋಡಿದರು. "ತಿಪ್ಪೇಸ್ವಾಮಿಯವರೇ, ಏಳು ತಲೆಮಾರಲ್ಲಿ ಒಂದು ಸೊನ್ನೆಯೂ ಇಲ್ಲ. ಗಂಡಸರೇ ಗಂಡಸರನ್ನ ಹೆತ್ರಾ?"

ನನಗೆ ನಾಚಿಕೆಯಾಯಿತು. ಅಲ್ಲಿಂದಲೇ ಹೆಳವಯ್ಯನಿಗೆ ಫೋನು ಹಚ್ಚಿ, ನಮ್ಮವ್ವನನ್ನು ಯಾಕೆ ಬರೆದಿಲ್ಲ ಅಂತ ಕೇಳಿದೆ.

"ಹೆಂಗೆ ಬರೀಲಪ್ಪ? ಅವ್ರು ಹುಟ್ಟಿದ ಮನೆ ಹೆಳವ, ಕೊಟ್ಟಾತು ಅಂತ ಬಿಡ್ತಾನೆ. ನಾನು, ಬೇರೆ ಮನೆಯಿಂದ ತಂದಿದ್ದು ಅಂತ ಬಿಡ್ತೀನಿ" ಅಂದರು. ಅವರಿಗೇ ಅದು ಅವತ್ತು ಮೊದಲ ಸಲ ಕೇಳಿಸಿದ ಹಾಗಿತ್ತು.

ನಮ್ಮವ್ವ ನಾನು ಆರು ವರ್ಷದವನಿದ್ದಾಗ ತೀರಿಕೊಂಡಳು. ಕಾಲಿಗೆ ಜಾಲಿ ಮುಳ್ಳು ಹೊಕ್ಕು ಹುಣ್ಣು ಮಾಯಲೇ ಇಲ್ಲ ಅಂತ ಮನೆಯಲ್ಲಿ ಹೇಳುತ್ತಿದ್ದರು. ಅವಳ ಒಡಹುಟ್ಟಿದವರಲ್ಲಿ ಉಳಿದಿರುವವಳು ದೊಡ್ಡವ್ವ ಒಬ್ಬಳೇ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಗೆ ಸೇರಿದವಳು. ನಾನು ಅಲ್ಲಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮಿಲ್ಲಿನಲ್ಲಿ ಸೀಜನ್ನು. ರಜೆ ಸಿಗುವ ಹೊತ್ತಿಗೆ ಭಾಗ್ಯನಿಗೆ ಆರನೇ ತಿಂಗಳು ಬಿದ್ದಿತ್ತು. ಬಸ್ಸು ತಳಕು ಊರು ದಾಟುವಾಗ ಕೈಯಲ್ಲಿದ್ದ ಹಾಳೆ ನೋಡಿಕೊಂಡೆ. ಬಲಗಡೆ, ಅಪ್ಪನ ಕಡೆ, ಪೂರ್ತಿ ಚೌಕ. ಎಡಗಡೆ, ಅವ್ವನ ಕಡೆ, ಪೂರ್ತಿ ಬಿಳಿ.

ದೊಡ್ಡವ್ವ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎಂಬತ್ತು ದಾಟಿದೆ, ಬೆರಳು ಮಾತ್ರ ನಿಲ್ಲುವುದಿಲ್ಲ. ನನ್ನನ್ನು ನೋಡಿ, "ಏಮಪ್ಪಾ, ದಾರಿ ಮರ್ತಿದ್ಯೇನೋ ಅಂದ್ಕೊಂಡಿದ್ದೆ" ಅಂದಳು. ಗಡಿ ಹತ್ತಿರದವರಾದ್ದರಿಂದ ಅವಳ ಮಾತಿನಲ್ಲಿ ತೆಲುಗು ಬಂದು ಹೋಗುತ್ತಿರುತ್ತದೆ.

"ದೊಡ್ಡವ್ವ, ನಂಗೆ ಸಕ್ಕರೆ ಕಾಯಿಲೆ ಬಂದೈತೆ."

ಅವಳು ಒಂದು ಸಲ ಬಾಗಿಲ ಕಡೆ ನೋಡಿ, ನೂಲಿನ ಬುಟ್ಟಿಯ ತಳಕ್ಕೆ ಕೈ ಹಾಕಿ ಒಂದು ಮಾತ್ರೆ ಡಬ್ಬಿ ತೆಗೆದಳು. "ನಂಗೆ ಬಂದು ಹದಿನಾರು ವರ್ಷ ಆತು."

"ಯಾರಿಗೂ ಹೇಳಿಲ್ವಲ್ಲ!"

"ಹೇಳಿದ್ರೆ ಮೊಮ್ಮಕ್ಕಳಿಗೆ ಹೆಣ್ಣು ಕೊಡ್ತಿದ್ರಾ ಯಾರಾದ್ರೂ? ಸಕ್ಕರೆ ಮನೆ ಅಂತ ಹೆಸ್ರು ಬಿದ್ರೆ ಹೋಗ್ತೈತಾ?"

ಅಲ್ಲೇ ನೆಲದ ಮೇಲೆ ಹಾಳೆ ಹರಡಿ ಮೊದಲನೇ ಸೊನ್ನೆ ಬರೆದು, ಕಾಯಿಲೆಯ ಗುರುತಿಗೆ ಒಳಗೆ ಪೆನ್ನಿನಿಂದ ಕಪ್ಪು ತುಂಬಿದೆ. "ನಮ್ಮವ್ವ?" ಅಂದೆ.

"ನಿಮ್ಮವ್ವನ ಕಾಲಿನ ಮುಳ್ಳು ನಾನೇ ತೆಗ್ದಿದ್ದು ಕಣಪ್ಪ. ಸೂಜಿ ಮೊನೆಯಷ್ಟಿತ್ತು. ಅಷ್ಟಕ್ಕೆ ಯಾರು ಸಾಯ್ತಾರೆ? ಅವ್ಳು ದಿನಾ ಕೊಡಗಟ್ಲೆ ನೀರು ಕುಡೀತಿದ್ಲು. ಮೈ ಇಳ್ದು ಇಳ್ದು ಕಡ್ಡಿ ಆಗಿದ್ಲು. ಏನಂತ ಗೊತ್ತಿತ್ತು ನಮ್ಗೆ?"

ನಲವತ್ತು ವರ್ಷ ನಾನು ಜಾಲಿ ಗಿಡ ಕಂಡ ಕಡೆಯೆಲ್ಲ ಬೈದು ಕಡಿದಿದ್ದೇನೆ. ಎರಡನೇ ಸೊನ್ನೆಗೆ ಕಪ್ಪು ತುಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ನಡೆದದ್ದೇ ನನಗೆ ಈಗಲೂ ಬೆರಗು. ಇಸವಿ ತಿಥಿ ಯಾವುದೂ ಗೊತ್ತಿಲ್ಲದ ದೊಡ್ಡವ್ವ, ಯಾರು ಯಾವಾಗ ಹುಟ್ಟಿದರು, ಯಾರು ಯಾವಾಗ ಹೋದರು ಅನ್ನುವುದನ್ನು ಆಗ ಮಗ್ಗದ ಮೇಲಿದ್ದ ಸೀರೆಯ ಗುರುತು ಹಿಡಿದು ಹೇಳುತ್ತಾ ಹೋದಳು. ತಂಗಿಯರು, ಅವರ ಹೆಣ್ಣುಮಕ್ಕಳು, ಎಲ್ಲರದೂ. ನೇರಳೆ ಒಡಲು ರುದ್ರಾಕ್ಷಿ ಅಂಚು ನೇಯುವಾಗ ಇಂಥವಳಿಗೆ ಕಣ್ಣು ಮಂಜಾಯಿತು. ಕೆಂಪು ಸೀರೆ ಮಗ್ಗದಿಂದ ಇಳಿಸಿದ ವಾರ ಇಂಥವಳು ಹೆತ್ತಳು. ಹೆಳವಯ್ಯನಿಗಿಂತ ಒಂದು ಕೈ ಹೆಚ್ಚು! ನಾನು ಬರೆದಷ್ಟೂ ಎಡಗಡೆ ತುಂಬುತ್ತಾ ಬಂತು. ಸೊನ್ನೆ, ಸೊನ್ನೆ, ಕಪ್ಪು ಸೊನ್ನೆ. ಕಾಯಿಲೆ ಬಂದ ದಾರಿ ಕಣ್ಣಿಗೆ ಕಾಣುತ್ತಿತ್ತು. ಖುಷಿಗೆ ನನ್ನ ಅಕ್ಷರ ಸೊಟ್ಟಗಾಗುತ್ತಿತ್ತು.

"ನಮ್ಮ ಮನೆ ಕೂಸುಗಳು ಅಂದ್ರೆ ಊರೇ ನೋಡಾಕೆ ಬರ್ತಿತ್ತು" ಅಂದಳು ದೊಡ್ಡವ್ವ. "ಹುಟ್ಟುವಾಗ್ಲೇ ಮೂರು ತಿಂಗಳ ಕೂಸಿನಂಗೆ."

"ಎಲ್ಲಾವೂನಾ?"

ಅವಳ ಬೆರಳು ನಿಂತಿತು. "ನನ್ನ ಎರಡನೇದು. ಮಗ್ಗದ ಮೇಲೆ ಗಿಣಿ ಅಂಚಿನ ಹಸಿರು ಸೀರೆ, ಅರ್ಧ ಆಗಿತ್ತು. ಸೂಲಗಿತ್ತಿ ಎತ್ತಿ ತೋರ್ಸಿದ್ಲು. ಗುಂಡುಗುಂಡಗೆ, ಕೈಯಾಗೆ ಬಳೆ ಇಟ್ಟಂಗೆ ಮಡಿಕೆ. ರಾಜ ಹುಟ್ಟವ್ನೆ ಅಂದ್ರು. ಅಳ್ಲಿ ಅಂತ ಕಾಯ್ಕೊಂಡು ಇದ್ದೆ. ಅಳ್ಲೇ ಇಲ್ಲ ನಾಯನಾ. ತಂಗಿದೂ ಹಂಗೇ ಒಂದು ಹೋತು. ನಮ್ಮವ್ವಂದು ಎರಡು. ಕಣ್ಣು ಬಿತ್ತು ಅಂದ್ರು. ನಾವೂ ಹಂಗೇ ಅಂದ್ಕೊಂಡ್ವಿ."

ನನ್ನ ಖುಷಿ ಎಲ್ಲಿ ಹೋಯಿತೋ. ಪೆನ್ನು ಹಾಳೆಯ ಕೆಳಗಿನ ಸಾಲಿನಲ್ಲಿತ್ತು. ಅಲ್ಲಿ ನನ್ನದೊಂದು ಚೌಕ, ಅದರ ಕೆಳಗೆ ಭಾಗ್ಯನ ಸೊನ್ನೆ, ಇನ್ನೂ ಖಾಲಿ.

"ಭಾಗ್ಯನ ಹೊಟ್ಟೆ ಹೆಂಗೈತೆ?" ಅಂದಳು ದೊಡ್ಡವ್ವ.

"ದೊಡ್ಡದೈತೆ. ಗಂಡು ಅಂತಾರೆ ಎಲ್ರೂ."

ಅವಳು ಕಂಡಿಕೆಯನ್ನು ಬುಟ್ಟಿಗೆ ಎಸೆದಳು. "ಲೆಕ್ಕ ಬರೆದಿದ್ದು ಸಾಕು, ಎದ್ದೇಳು. ಊಟ ಆಮೇಲೆ. ಮೊದ್ಲು ಬಸ್ಸು ಹಿಡಿ."

ಚಳ್ಳಕೆರೆಗೆ ಬಂದು ಹಾಳೆಯನ್ನು ವೈದ್ಯೆಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ತಾಯಿಗೆ ಶುಗರ್ ಇದ್ರೆ ಕೂಸು ಹೀಗೆ ಅತಿ ದಪ್ಪ ಬೆಳೆಯಬಹುದು. ಆ ಕೂಸುಗಳೆಲ್ಲ ಶುಗರ್‌ನಿಂದಲೇ ಹೋದ್ವು ಅಂತ ನಾನು ಈಗ ಹೇಳೋಕಾಗಲ್ಲ. ಆದ್ರೆ ಈ ಹಾಳೆ ನೋಡಿದ ಮೇಲೆ ಒಂದು ದಿನವೂ ತಡ ಮಾಡೋಕೂ ಆಗಲ್ಲ" ಅಂದರು. ಮರುದಿನ ಬೆಳಗ್ಗೆ ಪರಶುರಾಂಪುರದ ಬೀಗರ ಮನೆಯಲ್ಲಿದ್ದೆ.

ಹೇಳುವುದು ಸುಲಭವಿರಲಿಲ್ಲ. ದೊಡ್ಡವ್ವ ಹದಿನಾರು ವರ್ಷ ಬುಟ್ಟಿಯಲ್ಲಿ ಮುಚ್ಚಿಟ್ಟದ್ದನ್ನು ನಾನು ಬೀಗರ ಪಡಸಾಲೆಯಲ್ಲಿ ಬಿಚ್ಚಿ ಹರಡಿದೆ. ಬೀಗಿತ್ತಿ ಹಾಳೆಯ ಕಪ್ಪು ಸೊನ್ನೆಗಳನ್ನು ನೋಡಿದರು.

"ಇದನ್ನ ಮದ್ವೆಗೆ ಮುಂಚೆ ಹೇಳ್ಬೇಕಿತ್ತು ಬೀಗ್ರೇ. ಗೊತ್ತಿದ್ರೆ ನಾವು..." ಅಂದು ನಿಲ್ಲಿಸಿದರು. ಭಾಗ್ಯ ಅಡಿಗೆ ಮನೆ ಬಾಗಿಲಲ್ಲಿ ನಿಂತಿದ್ದಳು. ನಿಲ್ಲಿಸಿದ ಮಾತು ಏನಂತ ಎಲ್ಲರಿಗೂ ಗೊತ್ತಾಯಿತು.

"ನಂಗೇ ಗೊತ್ತಿರ್ಲಿಲ್ಲಮ್ಮ. ಈಗ ಗೊತ್ತಾಗೈತೆ, ಬಂದೀನಿ. ನನ್ನ ಏನು ಬೇಕಾದ್ರೂ ಅನ್ರಿ. ಅವ್ಳಿಗೆ ಟೆಸ್ಟ್ ಮಾಡ್ಸಾನ" ಅಂದೆ.

ಅಳಿಯ ಮಂಜುನಾಥ ಕುರಿ ಸಾಕುತ್ತಾನೆ. ಮಾತು ಕಡಿಮೆ. ಅವನು ಹೊಸಿಲ ಮೇಲೆ ಕೂತೇ, "ಅವ್ವಾ, ಹೋದ್ಸಲ ಟಗರು ತರಾಕೆ ಹೋದಾಗ ನೀನೇ ಏನಂದಿ? ಕೊಂಬು ನೋಡಿ ಮರುಳಾಗಬ್ಯಾಡ, ಅದ್ರ ತಾಯಿ ಹೆಂಗೈತೆ ಕೇಳು ಅಂದಿ. ಮಾವ ಅದನ್ನೇ ಕೇಳ್ಕೊಂಡು ಬಂದಾರೆ" ಅಂದ.

"ಲೇ, ಮನುಷ್ಯರ್ನೂ ಕುರೀನೂ ಒಂದ್ಮಾಡ್ತೀಯಾ?"

"ಎಲ್ಲಿ ಒಂದ್ಮಾಡ್ದೆ? ಕುರೀದಾದ್ರೆ ಸಂತೇಲಿ ನಿಂತು ಬಾಯ್ಬಿಟ್ಟು ಕೇಳ್ತೀವಿ. ನಮ್ದನ್ನ ಮುಚ್ಚಿಡ್ತೀವಿ."

ಬೀಗಿತ್ತಿ ಎದ್ದು ಒಳಗೆ ಹೋದರು. ಮುಗಿಯಿತು ಅಂದುಕೊಂಡೆ. ಹೊರಗೆ ಬಂದಾಗ ಅವರ ಕೈಯಲ್ಲಿ ಒಂದು ನಿಂಬೆಹಣ್ಣಿತ್ತು. "ನಾಳೆ ಮೊದ್ಲನೇ ಬಸ್ಸಿಗೆ ಹೋಗಾನ. ನಾನೂ ಬರ್ತೀನಿ. ಆ ನೀರು ಕುಡಿಯುವಾಗ ಇದನ್ನ ಮೂಸ್ತಿರ್ಲಿ, ವಾಂತಿ ಬರಂಗಿಲ್ಲ."

ಮರುದಿನ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಎರಡು ಗಂಟೆ ಕಾದೆವು. ಭಾಗ್ಯ ನಿಂಬೆಹಣ್ಣನ್ನು ಮೂಗಿನಿಂದ ತೆಗೆಯಲಿಲ್ಲ. ಬೀಗಿತ್ತಿ ಅವಳ ಬೆನ್ನಿನಿಂದ ಕೈ ತೆಗೆಯಲಿಲ್ಲ. ಸಕ್ಕರೆ ಇತ್ತು. ಮೂರನೇ ತಿಂಗಳಲ್ಲಿ ಇಲ್ಲದ್ದು ಆರನೇ ತಿಂಗಳಲ್ಲಿ ಬಂದು ಕೂತಿತ್ತು. ಭಾಗ್ಯ ಅತ್ತಳು. ನನ್ನಿಂದ ಹೋದದ್ದು ಅಂತ ನನಗೂ ಅಳು ಬಂತು. ಆಗ ವೈದ್ಯೆ, "ನೀವು ಬೇಕು ಅಂತ ಕೊಟ್ಟಿದ್ದಲ್ಲ. ನೀವು ಬೇಕು ಅಂತ ಮಾಡಿದ್ದು, ಅದನ್ನ ಹುಡುಕಿದ್ದು. ಈಗ ನಮಗೆ ಟೈಮಿದೆ" ಅಂದರು. ಆ ಮಾತು ಇಲ್ಲದಿದ್ದರೆ ನಾನು ಅವತ್ತು ಎದ್ದು ಮನೆಗೆ ಹೋಗುತ್ತಿರಲಿಲ್ಲ.

ಅಲ್ಲಿಂದ ಮೂರು ತಿಂಗಳು ನಮ್ಮ ಬದುಕಿನಲ್ಲೇ ಬಹಳ ಚೆನ್ನಾಗಿದ್ದವು ಅಂದರೆ ನಂಬುತ್ತೀರಾ? ಏಳನೇ ತಿಂಗಳಿಗೆ ಭಾಗ್ಯ ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ದಿನಾ ಬೆಳಗ್ಗೆ ಅಪ್ಪ ಮಗಳು ಎದುರು ಬದುರು ಕೂತು ಬೆರಳು ಚುಚ್ಚಿಕೊಳ್ಳುತ್ತಿದ್ದೆವು. "ಇವತ್ತು ನಾನು ಗೆದ್ದೆ" ಅಂತ ಅವಳು, "ನಿನ್ನೆ ಯಾರು ಗೆದ್ದಿದ್ದು?" ಅಂತ ನಾನು. ಉಂಡ ಮೇಲೆ ಇಬ್ಬರೂ ರಸ್ತೆ ಕೊನೆಯವರೆಗೆ ನಡೆದು ಬರುತ್ತಿದ್ದೆವು. ಎಂಟನೇ ತಿಂಗಳಲ್ಲಿ ಅವಳಿಗೆ ಸಣ್ಣ ಸೂಜಿಯ ಇನ್ಸುಲಿನ್ ಶುರುವಾಯಿತು. ಬೀಗಿತ್ತಿ ಬಂದಾಗಲೆಲ್ಲ ಹೋಳಿಗೆ ಬಿಟ್ಟು ಹುರುಳಿಕಾಳು ತಂದರು, "ಬಸುರಿ ಬಯಕೆಗೆ ಹುರುಳಿ ತಂದೋಳು ಈ ತಾಲ್ಲೂಕಲ್ಲೇ ನಾನೊಬ್ಳೇ" ಅಂತ ತಾವೇ ನಕ್ಕರು. ನನ್ನ ಸಕ್ಕರೆಯೂ ಇಳಿಯಿತು. ಕಣ್ಣು ನಿಂತ ಕಡೆ ನಿಂತವು.

ಇದನ್ನು ಓದುವವರಲ್ಲಿ ಮೊನ್ನೆ ಮೊನ್ನೆ ರಿಪೋರ್ಟು ಕೈಗೆ ಬಂದವರು ಇದ್ದರೆ, ನಿಮ್ಮ ಮನೆಯ ಮುದುಕಿಯರ ಹತ್ತಿರ ಒಂದು ಮಧ್ಯಾಹ್ನ ಕೂತುಕೊಳ್ಳಿ. ಅವರು ತಾವಾಗಿ ಹೇಳುವುದಿಲ್ಲ. ಕೇಳಿದರೆ ಹೇಳುತ್ತಾರೆ.

ಹೆರಿಗೆ ದುರ್ಗದ ಆಸ್ಪತ್ರೆಯಲ್ಲಿ ಆಯಿತು. ಬೆಳಗ್ಗೆ ಹತ್ತು ಗಂಟೆ ಇರಬಹುದು. ಹೆಣ್ಣು ಕೂಸು, ಮೂರು ಕೆಜಿಗೆ ಚೂರು ಕಡಿಮೆ. ರತ್ನಮ್ಮ ದೇವರಿಗೆ ಕೈ ಮುಗಿದಳು. ಆದರೆ ಸಿಸ್ಟರ್, "ಇನ್ನೂ ಒಂದಿದೆ. ತಾಯಿಗೆ ಶುಗರ್ ಇದ್ದರೆ ಕೂಸಿಗೆ ಹುಟ್ಟಿದ ಮೇಲೆ ಸಕ್ಕರೆ ತೀರ ಇಳಿಯಬಹುದು, ನೋಡಬೇಕು" ಅಂತ ಅದರ ಹಿಮ್ಮಡಿಗೆ ಸೂಜಿ ತಂದರು. ನಮ್ಮ ವಂಶದ ಅತಿ ಚಿಕ್ಕ ಕಾಲು ಅದು. ಒಂದು ಹನಿ ರಕ್ತ. ಮಿಷನ್ನಿನ ಜೊತೆ ನಾನೂ ಎಣಿಸಿದೆ.

"ಸರಿಯಾಗಿದೆ" ಅಂದರು ಸಿಸ್ಟರ್.

ಆಗಲೇ ದೊಡ್ಡವ್ವನ ಫೋನು ಬಂತು. ಗಂಡೋ ಹೆಣ್ಣೋ ಅಂತ ಕೇಳಲಿಲ್ಲ. ತೂಕ ಕೇಳಲಿಲ್ಲ.

"ಅತ್ತಿತಾ?" ಅಂದಳು.

ಸೂಜಿ ಚುಚ್ಚಿದ ಸಿಟ್ಟಿಗೆ ಕೂಸು ವಾರ್ಡೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ನಾನು ಫೋನನ್ನು ಅದರ ಬಾಯಿಯ ಹತ್ತಿರ ಹಿಡಿದೆ. ಭಾಗ್ಯ ಎದೆಗೆ ಹಾಕಿಕೊಳ್ಳಲು ಕೈ ಚಾಚಿದಳು. ಅವಳು ಕೂಸನ್ನು ಸಮಾಧಾನ ಮಾಡಲಿ ಅಂತ ನಾನು ಫೋನು ವಾಪಸ್ಸು ಕಿವಿಗೆ ತಂದೆ.

"ತೆಗೀಬ್ಯಾಡ ಕಣಪ್ಪ" ಅಂದಳು ದೊಡ್ಡವ್ವ. "ಇನ್ನೊಂಚೂರು ಅಳ್ಲಿ. ನಾನು ಕೇಳ್ತೀನಿ."